ಕುದುರೆ ನಾಣ್ಯದ ಎಡಗೈ

ನಮ್ಮೂರಿನ ತೊಟ್ಟಿಲುಗಳಿಗೆ ಹಾಕುವ ಗಂಟನ್ನು ನೋಡಲು ಒಮ್ಮೆ ದೂರದಿಂದ ಒಬ್ಬ ವಿದ್ವಾಂಸರು ಬಂದಿದ್ದರು. ಮೂರು ದಿನ ಇದ್ದು, ಏಳು ಮನೆಯ ತೊಟ್ಟಿಲು ನೋಡಿ, ಇದು ಹಡಗಿನವರು ಹಾಯಿ ಬಿಗಿಯುವ ಗಂಟು, ಕಡಲಾಚೆಯದು, ನಿಮ್ಮೂರಿಗೆ ಹೇಗೆ ಬಂತು ಎಂದು ಕೇಳಿದರು. ನಮ್ಮೂರಿಗೆ ಕಡಲೆಂದರೆ ಬೇಸಿಗೆಯಲ್ಲಿ ಎಮ್ಮೆಗಳು ಮಲಗುವ ಒಂದು ಕೆರೆ, ಅಷ್ಟೇ. ನಾನು ಹಡಗಿನ ಚಿತ್ರವಿರುವ ಹಳೆಯ ಬೆಳ್ಳಿ ನಾಣ್ಯವೊಂದನ್ನು ಅವರ ಮುಂದಿಟ್ಟು, "ಇದರಿಂದ ಬಂತು" ಎಂದೆ. ಅವರು ನಕ್ಕರು, ಅದರ ತೂಕ ನೋಡಿದರು, ಭೂತಗನ್ನಡಿ ಹಿಡಿದು ಅಂಚು ನೋಡಿದರು, ಏನೋ ಬರೆದುಕೊಂಡು ಬಸ್ಸು ಹತ್ತಿದರು. ಮುಷ್ಟಿಯಲ್ಲಿ ಹಿಡಿದು ನೋಡಬೇಕೆಂದು ಮಾತ್ರ ಅವರಿಗೆ ಅನ್ನಿಸಲಿಲ್ಲ. ಕಲಿತವರ ಪಾಡೇ ಅಷ್ಟು.

ಹಿಡಿದಿದ್ದರೆ ತಿಳಿಯುತ್ತಿತ್ತು. ಹಳೆಯ ಬೆಳ್ಳಿಯಲ್ಲಿ ಕೈ ಇರುತ್ತದೆ. ನಾಣ್ಯವನ್ನು ಬಿಸಿಯಾಗುವವರೆಗೆ ಮುಷ್ಟಿಯಲ್ಲಿಟ್ಟುಕೊಂಡರೆ, ಹಿಂದೆ ಯಾರು ಅದನ್ನು ಬಹುಕಾಲ ಹಿಡಿದಿದ್ದರೋ ಅವರ ಕೈ ಮಾಡುತ್ತಿದ್ದ ಕೆಲಸವನ್ನು ನಮ್ಮ ಕೈ ಮಾಡತೊಡಗುತ್ತದೆ. ಬಿಸಿ ಆರಿದರೆ ಮುಗಿಯಿತು. ದಿನವೂ ಹಿಡಿದು ವರ್ಷಗಟ್ಟಲೆ ರೂಢಿ ಮಾಡಿದರೆ ಆ ಕೆಲಸ ನಮ್ಮದೇ ಆಗುತ್ತದೆ. ನಮ್ಮೂರಿನವರು ಕಸುಬು ಕಲಿಯುವುದಕ್ಕೆ 'ಕೈ ತಗೊಳ್ಳುವುದು' ಎನ್ನುವುದು ಇದಕ್ಕೇ. ಹಡಗಿನ ನಾಣ್ಯ ತೊಟ್ಟಿಲ ಗಂಟು ಕೊಟ್ಟಿತು. ಗುಂಗುರು ಕೂದಲಿನ ಯಾವುದೋ ರಾಜನ ನಾಣ್ಯದಿಂದ ನಮ್ಮ ಕ್ಷೌರಿಕರಿಗೆ ಮೀಸೆ ಸುರುಳಿ ಮಾಡುವ ಕೈ ಬಂತು. ಸೂರ್ಯ, ಗುಡ್ಡ, ಗೂಳಿಯ ಮುದ್ರೆಗಳನ್ನು ಒತ್ತಿದ ಚೌಕ ನಾಣ್ಯ ಹಿಡಿದು ಕಲಿತ ಕಲ್ಲುಕುಟಿಗರು ಇಂದಿಗೂ ಉಳಿ ಇಡುವ ಮುಂಚೆ ಕಲ್ಲಿಗೆ ಐದು ಸಲ ಬೆರಳು ಬಡಿಯುತ್ತಾರೆ. ಯಾಕೆ ಎಂದು ಅವರಿಗೂ ಗೊತ್ತಿಲ್ಲ, ನಾಣ್ಯಕ್ಕೂ ಬಾಯಿಲ್ಲ.

ಕಟ್ಟಳೆ ಎರಡೇ. ಹುಣಸೆಹಣ್ಣು ಹಾಕಿ ಬೆಳ್ಳಿ ತಿಕ್ಕಬಾರದು. ಕಪ್ಪು ಹೋದರೆ ಕೈಯೂ ಹೋಗುತ್ತದೆ. ಇನ್ನೊಂದು, ಒಂದು ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತಿಗಿಂತ ಹೆಚ್ಚು ಹಿಡಿಯಬಾರದು. ಹೆಚ್ಚು ಹಿಡಿದರೆ ಬೆಳ್ಳಿ ಹಳಬರನ್ನು ಮರೆತು ನಮ್ಮನ್ನು ಕಲಿಯತೊಡಗುತ್ತದೆ.

ಊರ ಅಗಸಿಬಾಗಿಲ ಪಕ್ಕದ ನಾಣ್ಯದ ಮನೆಯನ್ನು ನಲವತ್ತು ವರ್ಷದಿಂದ ನೋಡಿಕೊಂಡು ಬಂದವನು ನಾನು. ಬಾವಿ ತೋಡುವವರು, ಹಳೆ ಗೋಡೆ ಕೆಡಹುವವರು ಏನು ಸಿಕ್ಕರೂ ನನಗೆ ತಂದುಕೊಡುತ್ತಾರೆ. ನಾನು ಒಂದೊಂದನ್ನೂ ಒಂದು ಎಲೆಯ ಹೊತ್ತು ಹಿಡಿದು, ಯಾವ ಕೈ ಎಂದು ಕಂಡುಕೊಂಡು, ಗೂಡಿನಲ್ಲಿಡುತ್ತೇನೆ. ಆಮೇಲೆ ಬರಿಗೈಯಲ್ಲಿ ಮುಟ್ಟುವುದಿಲ್ಲ, ಬಟ್ಟೆಯಲ್ಲಿ ಎತ್ತುತ್ತೇನೆ, ಬೇರೆಯವರನ್ನೂ ಮುಟ್ಟಗೊಡುವುದಿಲ್ಲ. ಅದಕ್ಕೇ ಊರಿನಲ್ಲಿ ನನ್ನ ಹೆಸರು ಬಟ್ಟೆಕೈ ವಿರುಪಣ್ಣ. ಮದುವೆ ಆಗಲಿಲ್ಲ. ಹೆಣ್ಣು ನೋಡಲು ಹೋದಾಗ ನಾನು ಹುಡುಗಿಯ ಕೈ ಮುಟ್ಟಲೂ ಬಟ್ಟೆ ಕೇಳಿದೆ ಎಂದು ಕ್ಷೌರಿಕ ದುಂಡಪ್ಪ ಐವತ್ತು ಜನರ ಮುಂದೆ ಹೇಳಿದ್ದಾನೆ. ಅದು ಸುಳ್ಳು.

ಇಷ್ಟು ಶಿಸ್ತು ಊರಿಗಾಗಿ ಎಂದು ಜನ ತಿಳಿದಿದ್ದಾರೆ. ತಿಳಿದುಕೊಳ್ಳಲಿ. ನಾನು ಹುಡುಕುತ್ತಿದ್ದುದು ಒಂದೇ ಒಂದು ಕೈಯನ್ನು, ನನ್ನ ಅಕ್ಕನದನ್ನು.

ಅಕ್ಕನ ಹೆಸರು ಕಾಶಕ್ಕ. ನಾನು ಹುಟ್ಟಿದ ಮೇಲೆ ಅವ್ವ ಹಾಸಿಗೆ ಹಿಡಿದಳು. ನನ್ನನ್ನು ಎತ್ತಿ ಆಡಿಸಿದವಳು, ಉಣಿಸಿದವಳು ಹನ್ನೊಂದು ವರ್ಷ ದೊಡ್ಡವಳಾದ ಈ ಅಕ್ಕ. ಅವಳು ಎಡಚಿ. ಬಿಸಿ ಜೋಳದ ರೊಟ್ಟಿಯನ್ನು ಒರಳಿಗೆ ಹಾಕಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿ, ಎಡಮುಷ್ಟಿಯಲ್ಲಿ ಒತ್ತಿ ಮುಟಗಿ ಮಾಡುತ್ತಿದ್ದಳು. ಮುಟಗಿಯ ಮೇಲೆ ಅವಳ ನಾಲ್ಕು ಬೆರಳಿನ ಗುರುತು ಇರುತ್ತಿತ್ತು, ಹೆಬ್ಬೆರಳಿನ ಗುಳಿಯಲ್ಲಿ ಎಣ್ಣೆ ನಿಂತಿರುತ್ತಿತ್ತು. ನಾನು ಹೊಸ್ತಿಲ ಮೇಲೆ ಕುಳಿತು ಬಾಯಿ ತೆರೆಯುತ್ತಿದ್ದೆ. "ಉಣಸೂದು ಬಲಗೈಲೆ!" ಎಂದು ಒಳಗಿನಿಂದ ಆಯಿ ಗದರಿದರೆ ಅಕ್ಕ ಬಲಗೈಗೆ ಬದಲಿಸುತ್ತಿದ್ದಳು, ಆಯಿ ಅತ್ತ ತಿರುಗಿದೊಡನೆ ಮತ್ತೆ ಎಡಗೈ. ಆಯಿ ಎಂದರೆ ಅಪ್ಪನ ತಾಯಿ; ಅವಳ ಗದರಿಕೆಗೆ ಮನೆಯ ಬೆಕ್ಕೂ ಹೆದರುತ್ತಿತ್ತು, ಅಕ್ಕ ಮಾತ್ರ ಹೆದರಲಿಲ್ಲ.

ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದ ಒಂದು ನಾಣ್ಯವಿತ್ತು. ಒಂದು ಬದಿಗೆ ಕುದುರೆಯ ಮೇಲೆ ಮುಂದಕ್ಕೆ ಬಾಗಿದ ಸವಾರ, ಇನ್ನೊಂದು ಬದಿಗೆ ಯಾರೂ ಓದಲಾರದ ಅಕ್ಷರ. ಅದರಲ್ಲಿ ಶಾವಿಗೆಯ ಕೈ ಇತ್ತು. ಹಿಟ್ಟನ್ನು ದಾರವಾಗಿ ಎಳೆದು ಉಣ್ಣುವ ಯಾವುದೋ ದೇಶದಿಂದ ಬಂದದ್ದಂತೆ. ಆಯಿ ಎಳೆದ ಶಾವಿಗೆ ಸೂಜಿಯ ಕಣ್ಣಿನಲ್ಲಿ ಹೋಗುತ್ತಿತ್ತು ಎನ್ನುತ್ತಾರೆ. ಊರಿನ ಯಾವ ಮದುವೆಗೂ ನಮ್ಮ ಮನೆಯ ಶಾವಿಗೆಯೇ ಆಗಬೇಕು. ಅಕ್ಕನಿಗೆ ಹದಿನೇಳು ತುಂಬಿದಾಗ ಆಯಿ ಆ ನಾಣ್ಯವನ್ನು ಅವಳ ಕೈಗೆ ಕೊಟ್ಟಳು. ದಿನವೂ ಮಧ್ಯಾಹ್ನ ಆಯಿ ಎದುರಿಗೆ ಕುಳಿತು ಎಲೆ ಅಗಿಯುವುದು, ಅಗಿದು ಮುಗಿದೊಡನೆ ನಾಣ್ಯ ಕಸಿದುಕೊಳ್ಳುವುದು. ಅದೇ ವರ್ಷ ಎರಡು ಗುಡ್ಡ ದಾಟಿದ ಒಂದು ಊರಿಗೆ ಅಕ್ಕನ ಮದುವೆ ಗೊತ್ತಾಯಿತು.

ಮದುವೆಗೆ ಒಂದು ತಿಂಗಳಿರುವಾಗ ಆಯಿಗೆ ಜ್ವರ ಬಂತು. ನಾಣ್ಯ ಅಕ್ಕನ ಬಳಿಯೇ ಉಳಿಯಿತು. ಆಯಿ ಎದ್ದು ಕುಳಿತು, ಜ್ವರಕ್ಕೆ ತನ್ನ ಕೈಯ ಹದ ತಪ್ಪಿದ್ದರಿಂದ, ಲಗ್ನದ ಶಾವಿಗೆ ಎಳೆಯಲು ನಾಣ್ಯ ಹಿಡಿದು ಹಿಟ್ಟಿಗೆ ಕೈಯಿಟ್ಟರೆ, ಎರಡು ಕೈ ಎಳೆಯುವುದರ ಬದಲು ಎಡಗೈ ಒಂದೇ ಮುಂದೆ ಹೋಗಿ ಹಿಟ್ಟನ್ನು ಮುಷ್ಟಿ ಮಾಡಿ ಒತ್ತಿತು. ಮತ್ತೆ ಹಿಡಿದಳು, ಮತ್ತೆ ಮುಷ್ಟಿ. ಆಯಿ ಕೂಗಿದ ಕೂಗಿಗೆ ಓಣಿಯೇ ಸೇರಿತು. ಶಾವಿಗೆಯ ಕೈ ಹೋಗಿ, ಅದರ ಜಾಗದಲ್ಲಿ ಎಡಚಿಯ ಕೈ ಕುಳಿತಿತ್ತು. ಆ ಮದುವೆಯಲ್ಲಿ ಬಡಿಸಿದ ಶಾವಿಗೆಯಿಂದ ಎತ್ತು ಕಟ್ಟಬಹುದಿತ್ತು ಎಂದು ಬೀಗರು ಆಡಿಕೊಂಡರು. ಅಪ್ಪ ಆ ನಾಣ್ಯವನ್ನು ಅದೇ ದಿನ ಮನೆಯಿಂದಾಚೆ ಹಾಕಿದ. ಯಾರಿಗೆ ಕೊಟ್ಟ ಎಂದು ಸಾಯುವವರೆಗೂ ಬಾಯಿ ಬಿಡಲಿಲ್ಲ. ಅಕ್ಕ ನಿದ್ದೆಬುರುಕಿ, ನಾಣ್ಯವನ್ನು ಮುಷ್ಟಿಯಲ್ಲಿಟ್ಟುಕೊಂಡು ಮಲಗಿಬಿಡುತ್ತಿದ್ದಳು, ಅದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಅಕ್ಕ ಗಾಡಿ ಹತ್ತಿ ಹೋದಳು. ಆಗ ನನಗೆ ಆರು ವರ್ಷ. ಎರಡನೆಯ ವರ್ಷ ಅವಳ ಊರಿನಿಂದ ಒಬ್ಬ ಮನುಷ್ಯ ಬಂದು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತ. ಜ್ವರವಂತೆ, ನಾಲ್ಕೇ ದಿನಕ್ಕೆ ಹೋದಳಂತೆ.

ಅವಳದೊಂದೂ ಫೋಟೋ ಇಲ್ಲ. ಅವಳ ಮುಖ ನನಗೆ ನೆನಪಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಮುಟಗಿಯ ಮೇಲಿನ ನಾಲ್ಕು ಬೆರಳಿನ ಗುರುತು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಎಲ್ಲಿಯೋ ಒಂದು ಬೆಳ್ಳಿಯ ತುಂಡಿನಲ್ಲಿ ಆ ಕೈ ಹಾಗೇ ಇದೆ, ಯಾರೋ ಗೊತ್ತಿಲ್ಲದೆ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕುವ ಮುಂಚೆ ಸಿಗಬೇಕು. ಇದೊಂದೇ ಯೋಚನೆಯಲ್ಲಿ ನನ್ನ ವಯಸ್ಸು ಹೋಯಿತು. ಕುದುರೆ ಸವಾರನ ನಾಣ್ಯಗಳೇನು ಅಪರೂಪವಲ್ಲ, ನನ್ನ ಗೂಡಿನಲ್ಲೇ ನಲವತ್ತೊಂದಿವೆ. ಹೊಸದು ಬಂದಾಗಲೆಲ್ಲ ಬಲಮುಷ್ಟಿಯಲ್ಲಿ ಹಿಡಿದು ನನ್ನ ಎಡಗೈಯನ್ನೇ ನೋಡುತ್ತ ಕೂರುತ್ತಿದ್ದೆ. ನಾಣ್ಯ ಹಿಡಿದ ಬಲಗೈ ಬಿಲ್ಲು ಎಳೆಯುವಂತೆ, ಚರ್ಮ ಹೊಲಿಯುವಂತೆ ಆಡಿತು, ಒಮ್ಮೆಯಂತೂ ಇನ್ನೊಬ್ಬರ ಜೇಬಿನತ್ತ ಹೋಯಿತು. ಎಡಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿರುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಒಮ್ಮೆ ಕದಲಿತು. ಬೆರಳು ಎದ್ದವು. ಆಮೇಲೆ ಅದು ಹಲಗೆಯ ಮೇಲೆ ದಬದಬ ಬಡಿಯತೊಡಗಿತು. ಯಾವನೋ ಡೋಲು ಬಡಿಯುವವನ ಎಡಗೈ. ಸುತ್ತ ಇದ್ದವರು ತಾಳ ಹಾಕಿದರು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಈ ವರ್ಷ ಸುಗ್ಗಿ ಮುಗಿದ ಮೇಲೆ ದುಂಡಪ್ಪ ನನ್ನ ಗಡ್ಡಕ್ಕೆ ನೊರೆ ಹಚ್ಚುತ್ತ, "ಅಗಸಿ ಹೊರಗ ಹೊಸಾ ಖಾನಾವಳಿ ಆಗೇತಿ, ನೋಡಿಯೇನೋ ವಿರುಪಣ್ಣ? ಸಾವಂತ್ರೆವ್ವ ಅಂತ, ಗುಡ್ಡದ ಆಚೀಕಡಿಯಾಕಿ. ಮುಟಗಿ ಭಾಳ ಚೊಲೊ. ಆದ್ರ ಆ ಹೆಣ್ಣಮಗಳು ಎಡಗೈಲೆ ಕಟ್ಟತಾಳಪಾ. ಮಂದಿ ಬೈಕೋತ ಬೈಕೋತ ಎರಡೆರಡು ತಿಂತಾರ" ಎಂದ. ನಾನು ತಲೆ ಎತ್ತಿದ ಭರಕ್ಕೆ ಕತ್ತಿ ಗಲ್ಲಕ್ಕೆ ತಾಗಿತು.

ಆದರೂ ಒಂದು ವಾರ ಹೋಗಲಿಲ್ಲ. ಲೋಕದಲ್ಲಿ ಎಡಚಿಯರು ಬೇಕಾದಷ್ಟು. ಮತ್ತೊಮ್ಮೆ ಡೋಲು ಕೇಳುವ ಶಕ್ತಿ ನನಗಿರಲಿಲ್ಲ.

ಹೋದದ್ದು ಗುರುವಾರ, ಮಧ್ಯಾಹ್ನದ ಊಟದವರೆಲ್ಲ ಎದ್ದು ಹೋದ ಮೇಲೆ. ತಗಡಿನ ಮಾಡು, ಎರಡು ಬೆಂಚು, ಬಾಗಿಲಿಗೊಂದು ಕಲ್ಲಿನ ಮೆಟ್ಟಿಲು. ಐವತ್ತರ ಆಸುಪಾಸಿನ, ಗಟ್ಟಿ ಮೈಯ ಹೆಂಗಸು ತಟ್ಟೆ ತಂದಿಟ್ಟಳು. ಮುಟಗಿಯ ಮೇಲೆ ನಾಲ್ಕು ಬೆರಳಿನ ಗುರುತು. ಹೆಬ್ಬೆರಳಿನ ಗುಳಿ ಎಲ್ಲರ ಮುಟಗಿಯಲ್ಲಿ ಇರುವ ಬದಿಗಲ್ಲ, ಇನ್ನೊಂದು ಬದಿಗೆ. ಗುಳಿಯಲ್ಲಿ ಎಣ್ಣೆ. ಮುರಿದು ಬಾಯಿಗಿಟ್ಟೆ. ಚೆನ್ನಾಗಿತ್ತು. ಆದರೆ ಅದು ಬರೀ ಚೆನ್ನಾಗಿತ್ತು. ನಾನೇ ಮುರಿದು ನಾನೇ ತಿಂದ ತುತ್ತು, ಯಾವ ಖಾನಾವಳಿಯಲ್ಲಾದರೂ ಸಿಗುವಂಥದ್ದು.

"ಈ ಕೈ ಎಲ್ಲಿ ತಗೊಂಡಿ, ತಂಗಿ?" ಎಂದೆ.

ಅವಳ ಕಣ್ಣು ನನ್ನ ಜೇಬಿನಿಂದ ಇಣುಕುತ್ತಿದ್ದ ಬಟ್ಟೆಯ ಮೇಲೆ ಬಿತ್ತು. ನಾನು ಯಾರೆಂದು ಅವಳಿಗೆ ತಿಳಿಯಿತು. ಸೊಂಟದಲ್ಲಿದ್ದ ಎಲೆ ಅಡಿಕೆಯ ಸಂಚಿಯನ್ನು ಕೈಯಿಂದ ಒತ್ತಿಕೊಂಡಳು. "ನೀವು ನಾಣ್ಯದ ಮನಿಯವ್ರಲ್ರೀ? ಕೊಡಂಗಿಲ್ಲ ನೋಡ್ರಿ. ಕಳುವು ಮಾಡಿದ್ದಲ್ಲ, ನಮ್ಮವ್ವಗ ಬಂದದ್ದು."

"ಕಸಕೊಳ್ಳಾಕ ಬಂದಿಲ್ಲವ್ವಾ" ಎಂದೆ. ಆಮೇಲೆ, ಯಾರ ಮುಂದೆಯೂ ಹೇಳದ ಮಾತನ್ನೆಲ್ಲ ಆ ಬೆಂಚಿನ ಮೇಲೆ ಕುಳಿತು ಹೇಳಿದೆ. ಹೊಸ್ತಿಲು, ಆಯಿ, ಶಾವಿಗೆ, ಗಾಡಿ. ಮುಖ ಮರೆತದ್ದನ್ನೂ ಹೇಳಿದೆ.

ಅವಳು ನಿಂತಲ್ಲೇ ಕುಳಿತಳು. "ನಮ್ಮವ್ವ ಬಳಿಗಾರ್ತಿ ಇದ್ಲರೀ. ಒಂದು ಲಗ್ನದ ಮನ್ಯಾಗ ಮದುಮಗಳಿಗೆ ಹಸರ ಬಳಿ ಇಡಿಸಿದ್ದಕ್ಕ ಅವರಪ್ಪ ಈ ನಾಣ್ಯ ಒಗದ್ನಂತ. 'ಇದನ್ನ ಕೆಡಿಸಿದ ಕೈಯ ಬಳಿಗೇ ಇದು ಖರ್ಚಾಗ್ಲಿ' ಅಂದ್ನಂತ. ಬಳಿ ಇಡಸೂಮುಂದ ಆ ಹುಡುಗಿ ಎಡಗೈನ ಮೊದಲ ಚಾಚಿದ್ಲು ಅಂತ ನಮ್ಮವ್ವ ಹೇಳತಿದ್ಲು."

ಅವಳು ಸಂಚಿ ಬಿಚ್ಚಿದಳು. ಕರ್ರಗಾದ ನಾಣ್ಯ, ಬಾಗಿದ ಸವಾರ. ಒರಳಿನಲ್ಲಿ ಕುಟ್ಟಿದ ರೊಟ್ಟಿ ಇನ್ನೂ ಬೆಚ್ಚಗಿತ್ತು. ಅದನ್ನು ಪರಾತದಲ್ಲಿ ಹಾಕಿ ನನ್ನ ಮುಂದಿಟ್ಟಳು. "ನಾ ಎಲಿ ಅಗೀತೇನಿ. ಮುಗದ ಕೂಡ್ಲೆ ಬಿಡಬೇಕು, ಹಾಂ?" ಎಂದು ಒಂದು ಎಲೆ ಮಡಿಸಿ ಬಾಯಿಗಿಟ್ಟಳು. ಊರಿಗೆಲ್ಲ ಕಟ್ಟಳೆ ಹೇಳುವವನಿಗೆ ಅವಳು ಕಟ್ಟಳೆ ಹೇಳಿದಳು, ನಾನು ಕತ್ತು ಆಡಿಸಿದೆ.

ಬಲಮುಷ್ಟಿಯಲ್ಲಿ ಬೆಳ್ಳಿ ಬಿಸಿಯಾಯಿತು. ಎಡಗೈ ಎದ್ದಿತು. ಪರಾತಕ್ಕೆ ಹೋಯಿತು, ಹಿಡಿಯಷ್ಟು ತೆಗೆದುಕೊಂಡಿತು, ಒತ್ತಿತು, ತಿರುಗಿಸಿತು, ಮತ್ತೆ ಒತ್ತಿತು, ಹೆಬ್ಬೆರಳಿನಿಂದ ಗುಳಿ ಮಾಡಿತು. ನನ್ನ ಮುದಿ ಬೆರಳುಗಳು ಹದಿನೇಳರ ಹುಡುಗಿಯಂತೆ ಅವಸರ ಮಾಡುತ್ತಿದ್ದವು. ಅಕ್ಕ, ಎಂದೆ.

ಕೈ ತುತ್ತು ಎತ್ತಿ ಮುಂದೆ ಚಾಚಿತು. ನನ್ನ ಬಾಯಿಗಲ್ಲ. ಮುಂದೆ, ತುಸು ಕೆಳಗೆ, ನನ್ನ ಮೊಣಕಾಲಿನ ಮಟ್ಟದಲ್ಲಿ ಬರಿಯ ಗಾಳಿಯಲ್ಲಿ ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಕುಳಿತ ಆರು ವರ್ಷದ ಹುಡುಗನ ಬಾಯಿ ಇರಬೇಕಾದ ಎತ್ತರ ಅದು. ಕೈ ಕಾಯಿತು. ಆಮೇಲೆ ಕಿರುಬೆರಳು ಗಾಳಿಯಲ್ಲಿ ಒಮ್ಮೆ ಆಡಿತು. ಅದೇಕೆಂದು ನನಗೆ ತಿಳಿಯಲಿಲ್ಲ. ತುತ್ತನ್ನು ನನ್ನ ಬಾಯಿಗೆ ತರಲು ನೋಡಿದೆ, ಮೊಣಕೈ ಮಡಚಲಿಲ್ಲ. ನಾನೇ ಬಾಗಿದೆ. ನಾನು ಎಷ್ಟು ಬಾಗಿದೆನೋ ಕೈ ಅಷ್ಟೇ ದೂರ ಸರಿಯಿತು. ನಲವತ್ತು ವರ್ಷ ಹುಡುಕಿದವನಿಗೆ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ: ಉಣಿಸುವ ಕೈಯನ್ನು ನಾನು ತೆಗೆದುಕೊಂಡರೆ ಅದು ಉಣಿಸುತ್ತದೆ, ನಾನು ಉಣ್ಣಲಾರೆ.

"ಎಲಿ ಮುಗೀತ್ರಿ" ಎಂದಳು.

ನಾನು ಮುಷ್ಟಿ ಬಿಚ್ಚಲಿಲ್ಲ.

"ಅಣ್ಣಾರ, ಎಲಿ ಮುಗೀತು."

ಇನ್ನು ಸ್ವಲ್ಪ, ಇನ್ನು ಸ್ವಲ್ಪವೇ ಸ್ವಲ್ಪ ಎಂದುಕೊಂಡೆ. ಸಾವಂತ್ರೆವ್ವ ಎದ್ದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಬಿಡ್ರಿ. ಹಿಂಗ ಹಿಡದ ಕುಂತ್ರ ಅಕೀ ಹೋಗಿ ನೀವ ಉಳೀತೀರಿ." ನಾಣ್ಯ ಬೆಂಚಿನ ಮೇಲೆ ಬಿತ್ತು. ಎಡಗೈಯಲ್ಲಿದ್ದ ತುತ್ತು ನೆಲಕ್ಕೆ ಬಿತ್ತು. ಅರವತ್ತೊಂದು ವರ್ಷದ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವಳು ನೀರು ತಂದಿಟ್ಟಳು.

"ನನಗೂ ಹಿಂಗ ಆಗತಿತ್ರೀ" ಎಂದಳು ಆಮೇಲೆ. "ಎಂಟು ವರ್ಷದಾಕಿ ಇದ್ದಾಗ ಅವ್ವ ಹ್ವಾದ್ಲು. ಹಸಿವಾದಾಗ ಇದನ್ನ ಹಿಡೀತಿದ್ದೆ. ಕೈ ತುತ್ತು ಕಟ್ಟತಿತ್ತು, ನನ್ನ ಬಾಯಿಗೆ ಮಾತ್ರ ಬರತಿದ್ದಿಲ್ಲ. ಅದಕ್ಕ ಓಣ್ಯಾಗಿನ ಸಣ್ಣ ಹುಡುಗ್ರನ್ನ ಕರದು ಮುಂದ ಕುಂದ್ರಸಕೊಂಡೆ. ಅವು ತಿನ್ನೂದು ನೋಡಿದ್ರ ನನ್ನ ಹೊಟ್ಟಿನೂ ತಣ್ಣಗಾಗತಿತ್ತು. ಉಣಸಕೋತ ಉಣಸಕೋತ ಕೈ ನಂದ ಆತು, ಖಾನಾವಳಿನೂ ಆತು."

ನೆಲಕ್ಕೆ ಬಿದ್ದ ತುತ್ತನ್ನು ಎತ್ತುತ್ತ ಮತ್ತೆ ಅಂದಳು: "ಒಂದು ಮಾತು ಹೇಳ್ಲೇನ್ರಿ? ನಿಮ್ಮಕ್ಕ ನಿದ್ದಿಗಣ್ಣಾಗ ಹಿಡದಿದ್ದಲ್ಲ ಇದನ್ನ. ಮಲಕೊಂಡ ಹಿಡದಿದ್ರ ಬೆಳ್ಳಿ ಮಲಗೂದನ್ನ ಕಲೀತಿತ್ತು. ಉಣಸಕೋತ ಹಿಡದಾಳ. ದಿನಾ ನಿಮ್ಮನ್ನ ಮುಂದ ಕುಂದ್ರಸಕೊಂಡು, ಬಲಗೈಯಾಗ ಇದನ್ನ ಒತ್ತಿ ಹಿಡಕೊಂಡು, ಎಡಗೈಲೆ ಉಣಸ್ಯಾಳ. ಬೇಕಂತನ ಮಾಡ್ಯಾಳ. ತಾ ಹೋಗಾಕಿ, ಕೈಯರ ಇಲ್ಲೇ ಇರ್ಲಿ ಅಂತ."

ಆ ಒಂದು ತಿಂಗಳು ಅಕ್ಕ ಬಲಗೈಗೆ ಬದಲಿಸುತ್ತಿರಲಿಲ್ಲ ಎಂಬುದು ಆಗ ನೆನಪಾಯಿತು. ಆಯಿ ಜ್ವರದಲ್ಲಿದ್ದಳು, ಗದರುವವರಿಲ್ಲ, ಅದಕ್ಕೇ ಎಂದು ನಾನು ತಿಳಿದಿದ್ದೆ. ಅವಳ ಬಲಗೈ ಬೆನ್ನ ಹಿಂದೆ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ನಾಣ್ಯಗಳ ವಿಷಯದಲ್ಲಿ ಊರಿಗೇ ಪಾಠ ಹೇಳುವ ನಾನು, ಮಲಗಿ ಹಿಡಿದರೆ ಬೆಳ್ಳಿ ಏನು ಕಲಿಯುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಅಕ್ಕನನ್ನು ನಿದ್ದೆಬುರುಕಿ ಎಂದೇ ಐವತ್ತೈದು ವರ್ಷ ನಂಬಿದ್ದೆ.

ಸಾವಂತ್ರೆವ್ವ ನಾಣ್ಯವನ್ನು ನನ್ನತ್ತ ಸರಿಸಿದಳು. "ಒಯ್ಯಿರಿ. ನಿಮ್ಮವರದು. ನನಗ ಇನ್ನ ನಾಣ್ಯ ಬೇಕಾಗಿಲ್ಲ." ಹೇಳುವಾಗ ಅವಳು ಬೇರೆ ಕಡೆ ನೋಡುತ್ತಿದ್ದಳು.

ನಾನು ಬಟ್ಟೆ ತೆಗೆದು ನಾಣ್ಯವನ್ನು ಸುತ್ತಿ ಜೇಬಿಗಿಟ್ಟುಕೊಂಡೆ. ಅಗಸಿಯವರೆಗೆ ನಡೆದೆ. ನಾಣ್ಯದ ಮನೆಯ ಬೀಗಕ್ಕೆ ಕೈ ಹಾಕಿದೆ. ಒಳಗೆ ನಲವತ್ತೆರಡನೆಯ ಕುದುರೆಯಾಗಿ ಒಂದು ಗೂಡಿನಲ್ಲಿ, ಯಾರೂ ಮುಟ್ಟದಂತೆ, ನಾನು ಸತ್ತ ಮೇಲೂ ಅದು ಅಲ್ಲೇ ಇರುತ್ತದೆ. ತುತ್ತು ಹಿಡಿದುಕೊಂಡು ಯಾರಿಗಾಗಿಯೋ ಕಾಯುತ್ತ ಇರುತ್ತದೆ. ನನಗೆ ತಡೆಯಲಾಗಲಿಲ್ಲ. ಬೀಗ ಬಿಟ್ಟು ಹಿಂತಿರುಗಿದೆ.

ಅವಳು ಪರಾತ ತೊಳೆಯಲು ಹೊರಟಿದ್ದಳು. ಬಟ್ಟೆಯ ಗಂಟನ್ನು ಅವಳ ಸಂಚಿಯ ಪಕ್ಕದಲ್ಲಿಟ್ಟು, "ಇದನ್ನ ಯಾವದರ ಹುಡುಗಿಗೆ ಕೊಡು. ಉಣಸಾಕ ತಮ್ಮನೋ ತಂಗಿಯೋ ಇದ್ದಾಕಿಗೆ" ಎಂದೆ. ಬಟ್ಟೆಯನ್ನೂ ಅಲ್ಲಿಯೇ ಬಿಟ್ಟೆ. ಆಮೇಲೆ ಬೆಂಚಿನ ಮೇಲೆ ಕೂರಲಿಲ್ಲ. ಬಾಗಿಲಿಗೆ ಹೋಗಿ, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು, ಕೆಳಗಿನ ಕಲ್ಲಿನ ಮೆಟ್ಟಿಲ ಮೇಲೆ ಕುಳಿತೆ.

"ತಂಗಿ, ಒಂದು ಮುಟಗಿ ಉಳದೈತೇನು?"

ಅವಳು ನನ್ನನ್ನು ನೋಡಿದಳು, ಮೆಟ್ಟಿಲನ್ನು ನೋಡಿದಳು. ಪರಾತ ತಂದು ಹೊಸ್ತಿಲ ಒಳಗೆ ಕುಳಿತಳು. ಎಡಗೈ ಒತ್ತಿತು, ತಿರುಗಿಸಿತು, ಮತ್ತೆ ಒತ್ತಿತು, ಗುಳಿ ಮಾಡಿ ಎಣ್ಣೆ ಬಿಟ್ಟಿತು. ತುತ್ತು ಚಾಚಿದ ಎತ್ತರಕ್ಕೆ ನನ್ನ ಬಾಯಿ ಸರಿಯಾಗಿತ್ತು. ತೆರೆದೆ. ಬೆಳ್ಳುಳ್ಳಿಯ ಖಾರ ಮೂಗಿಗೆ ಹತ್ತಿತು. ತುತ್ತು ಬಿಟ್ಟ ಕೈ ಹಿಂದೆ ಹೋಗುವ ಮುಂಚೆ ಕಿರುಬೆರಳು ಮುಂದೆ ಬಂದು, ನನ್ನ ತುಟಿಯ ಅಂಚಿನಲ್ಲಿ ಹತ್ತಿದ್ದ ಎಣ್ಣೆಯನ್ನು ಒರೆಸಿತು.

ಇದನ್ನು ನಾನು ಅವಳಿಗೆ ಹೇಳಿರಲಿಲ್ಲ. ಹೇಳಲು ನನಗೇ ನೆನಪಿರಲಿಲ್ಲ. ಅಕ್ಕ ಪ್ರತಿ ತುತ್ತಿಗೂ ಹೀಗೆ ಒರೆಸುತ್ತಿದ್ದಳು, ನಾನು ಪ್ರತಿ ಸಲವೂ ಮುಖ ತಿರುಗಿಸುತ್ತಿದ್ದೆ. ಈ ಸಲ ತಿರುಗಿಸಲಿಲ್ಲ.

"ಇನ್ನೊಂದು?" ಎಂದಳು ಸಾವಂತ್ರೆವ್ವ.

ಬಾಯಿ ತುಂಬಿತ್ತು. ಹೂಂ ಎಂದು ತಲೆ ಆಡಿಸಿದೆ.